ಮೊದಲು ಹಸು, ಆಮೇಲೆ ಜನ

ವರ್ಷಗಟ್ಟಲೆ ಸರ್ಕಾರದ ಸಂಬಳ ತಿಂದ ದಲೆಂದಾ ಸರ್ಕಾರಕ್ಕೆ ಕಲಿಸಿದ್ದು ಒಂದೇ ಮಾತು: ಮೊದಲು ಹಸು, ಆಮೇಲೆ ಜನ.

ಕೇಳಿದವರೆಲ್ಲ ಮೊದಮೊದಲು ನಕ್ಕರು. ಜಿಲ್ಲೆಯ ಗವರ್ನರ್ ಕಚೇರಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ನೆರೆ ವಿಭಾಗವೆಂದರೆ ಮಳೆ ಜೋರಾದಾಗ ವ್ಯಾನಿಗೆ ಮೈಕು ಕಟ್ಟಿಕೊಂಡು ‘ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು’ ಎಂದು ಕೂಗಿಕೊಂಡು ಬರುವ ವಿಭಾಗ, ಅಷ್ಟೇ. ಕೂಗಿದರೆ ಕೈ ತೊಳೆದುಕೊಂಡಂತೆ. ಜನ ಮಾತ್ರ ಕದಲುತ್ತಿರಲಿಲ್ಲ. ವಾದಿ ಹಮ್ರಾ ನದಿಯ ತಗ್ಗಿನ ಊರುಗಳಲ್ಲಿ ಹೆಣ್ಣುಮಕ್ಕಳ ಮದುವೆ, ಗಂಡುಮಕ್ಕಳ ಓದು, ಮುದುಕರ ಔಷಧಿ ಎಲ್ಲ ನಡೆಯುವುದು ಹಾಲಿನಿಂದ. ಹಸುವನ್ನು ನೀರಿನ ಬಾಯಿಗೆ ಬಿಟ್ಟು, ಸರ್ಕಾರದ ಲಾರಿ ಹತ್ತಿ, ಯಾವುದೋ ಶಾಲೆಯಲ್ಲಿ ಕಂಬಳಿ ಹೊದ್ದು ಕೂರಲು ಅವರಿಗೇನು ತಲೆ ಕೆಟ್ಟಿದೆಯೇ? ಕಚೇರಿಯವರು ಇದಕ್ಕೆ ‘ಜನರ ಹಠಮಾರಿತನ’ ಎಂದು ಹೆಸರಿಟ್ಟು ಕಾಫಿ ಕುಡಿಯಲು ಹೋಗುತ್ತಿದ್ದರು. ದಲೆಂದಾಳ ತಾಯಿಯ ತವರು ಅಂಥದೇ ಒಂದು ಊರು, ಬಲದಂಡೆಯ ಬೀರ್ ಲೂಜ್. ಅದು ಹಠವಲ್ಲ ಎಂಬುದು ಅವಳಿಗೆ ಎಳವೆಯಿಂದಲೇ ಗೊತ್ತಿತ್ತು.

ಆದ್ದರಿಂದ ಅವಳು ಜನರ ತಂಟೆಗೇ ಹೋಗಲಿಲ್ಲ, ಹಸುಗಳ ಹತ್ತಿರ ಹೋದಳು. ಬೀರ್ ಲೂಜಿನ ಮೇಲಿನ ಗುಡ್ಡದ ಶಾಲೆಯ ಅಂಗಳದಲ್ಲಿ ಉದ್ದಕ್ಕೆ ಗೋದಲಿ ಕಟ್ಟಿಸಿದಳು. ಅದರಲ್ಲಿ ಜವೆಗೋಧಿ ತುಂಬಿಸಿದಳು. ಸರ್ಕಾರದ ಸೈರನ್ನಿಗೆ ಹಸುಗಳು ಬೆದರಿ ದಿಕ್ಕಾಪಾಲಾಗುತ್ತಿದ್ದವು. ಅದನ್ನು ಮೂಲೆಗೆ ಸೇರಿಸಿ, ರಂಜಾನಿನಲ್ಲಿ ಬೆಳಗಿನ ಜಾವ ಡೋಲು ಬಾರಿಸಿ ಊರನ್ನು ಎಬ್ಬಿಸುವ ಖಮೈಸನನ್ನು ಕರೆದಳು. ಖಮೈಸ್ ಡೋಲು ಬಾರಿಸುವುದು, ಕೊಟ್ಟಿಗೆಯ ಬಾಗಿಲು ತೆಗೆಯುವುದು, ಹಸುಗಳನ್ನು ಗುಡ್ಡಕ್ಕೆ ಹೊಡೆಯುವುದು, ಮೇಲೆ ಜವೆ ತಿನ್ನಿಸುವುದು. ತಿಂಗಳು ಎರಡು ತಿಂಗಳಲ್ಲಿ ಹೊಡೆಯುವ ಕೆಲಸವೇ ಉಳಿಯಲಿಲ್ಲ. ಡೋಲಿನ ಮೊದಲ ಪೆಟ್ಟು ಬಿದ್ದರೆ ಸಾಕು, ಹಸುಗಳು ಗುಡ್ಡದ ದಾರಿ ಹಿಡಿಯುತ್ತಿದ್ದವು, ಅವುಗಳ ಹಿಂದೆ ಬೈದುಕೊಂಡೋ ನಗುತ್ತಲೋ ಜನ. ಆ ವರ್ಷ ರಂಜಾನಿನ ಮೊದಲ ದಿನ ಜನ ಏಳುವ ಮೊದಲೇ ಹಸುಗಳು ಗುಡ್ಡ ಹತ್ತಿ ನಿಂತಿದ್ದವಂತೆ. ಆಮೇಲೆ ಖಮೈಸ್ ನೆರೆಗೊಂದು, ರಂಜಾನಿಗೊಂದು ಬೇರೆ ಬೇರೆ ಪೆಟ್ಟು ರೂಢಿಸಿಕೊಂಡ.

ಅಲ್ಲಿನ ಮಳೆಗಾಲವಾದ ಚಳಿಗಾಲದಲ್ಲಿ ಹಸುವಿಗೆ ಹಗ್ಗ ಕಟ್ಟಬಾರದು ಎನ್ನುವುದು ಅವಳ ಇನ್ನೊಂದು ನಿಯಮ. ಯಾವುದಕ್ಕೂ ಎರಡನೇ ದಾರಿ ಇರಬೇಕು ಎನ್ನುವುದು ಅವಳ ಹುಚ್ಚು. ಸೇತುವೆ ಮುಳುಗಿದರೆ ಗುಡ್ಡದ ಬೆನ್ನಿನ ದಾರಿ, ಒಂದು ಫೋನು ಸತ್ತರೆ ಇನ್ನೊಂದು, ಖಮೈಸ್ ಜ್ವರ ಬಂದು ಮಲಗಿದರೆ ಅವನ ಡೋಲಿನದೇ ರೆಕಾರ್ಡಿಂಗು. ಆ ರೆಕಾರ್ಡಿಂಗನ್ನು ಕಚೇರಿಯ ಮೈಕಿನ ವ್ಯಾನಿನಲ್ಲಿ ಇಡಿಸಿದ್ದಳು. ಖಮೈಸ್ ಗಟ್ಟಿ ಆಳು, ಅವನಿಗೆ ಜ್ವರ ಬರಲೇ ಇಲ್ಲ, ಅದು ಅಲ್ಲೇ ಧೂಳು ತಿನ್ನುತ್ತ ಬಿದ್ದಿತ್ತು.

ಇದನ್ನೆಲ್ಲ ಮಾಡಲು ಅವಳ ಬೆನ್ನಿಗೆ ಒಬ್ಬರೇ ಇದ್ದರು, ಗವರ್ನರ್ ಕಚೇರಿಯ ಪ್ರಧಾನ ಕಾರ್ಯದರ್ಶಿ ಸಿ ಶಾದ್ಲಿ. ‘ಸಿ’ ಎಂದರೆ ಅಲ್ಲಿ ದೊಡ್ಡವರ ಹೆಸರಿಗೆ ಗೌರವದಿಂದ ಸೇರಿಸುವ ‘ಶ್ರೀ’. ಅವಳನ್ನು ಕೆಲಸಕ್ಕೆ ಸೇರಿಸಿಕೊಂಡವರು ಅವರು. ಅವಳ ತಂದೆ ತೀರಿಕೊಂಡಾಗ ಮಯ್ಯತ್ತಿಗೆ ಹೆಗಲು ಕೊಟ್ಟವರು ಅವರು. ಸಹೋದ್ಯೋಗಿಗಳು ಅವಳನ್ನು ‘ದನದ ಡಾಕ್ಟರು’ ಎಂದು ಆಡಿಕೊಂಡು ನಗುವಾಗ, ನಗುವವರ ಮುಖವನ್ನೇ ದಿಟ್ಟಿಸಿ ಬಾಯಿ ಮುಚ್ಚಿಸಿದವರೂ ಅವರೇ. ಮಗಳೇ ಎಂದೇ ಕರೆಯುತ್ತಿದ್ದರು. ಸರ್ಕಾರ ಎಂದರೆ ಕಲ್ಲಿನ ಗೋಡೆಯಾಗಿರಬಾರದು, ಬಾಗಿ ಮತ್ತೆ ನೆಟ್ಟಗಾಗುವ ಜೊಂಡಿನ ಹಾಗಿರಬೇಕು ಎಂದು ಸಭೆಗಳಲ್ಲಿ ಹೇಳುತ್ತಿದ್ದರು. ಬಾಗಬೇಕಾದ್ದು ಯಾರು ಎಂದು ಆಗ ಯಾರೂ ಕೇಳಲಿಲ್ಲ, ದಲೆಂದಾ ಕೂಡ.

ಎರಡು ಚಳಿಗಾಲದ ಹಿಂದೆ ಮೇಲಿನ ಅಣೆಕಟ್ಟು ತುಂಬಿ ನೀರು ಬಿಡಲೇಬೇಕಾಯಿತು. ಆ ನೀರೆಲ್ಲ ಒಟ್ಟಿಗೆ ಬಂದರೆ ಕೆಳಗಿನ ಪಟ್ಟಣ ಮುಳುಗುತ್ತದೆ. ಪಟ್ಟಣ ಉಳಿಯಬೇಕಾದರೆ ನಡುವೆ ಎಲ್ಲಾದರೂ ನದಿಯ ಒಡ್ಡು ಕಡಿದು ನೀರನ್ನು ಹರಡಲು ಬಿಡಬೇಕು. ಎಡದಂಡೆಯಲ್ಲಿ ಕಿತ್ತಳೆ ತೋಟಗಳು, ಒಡೆಯರೆಲ್ಲ ರಾಜಧಾನಿ ಟ್ಯುನಿಸಿನಲ್ಲಿ ಕೂತ ದೊಡ್ಡ ಕುಳಗಳು. ಬಲದಂಡೆಯಲ್ಲಿ ಬೀರ್ ಲೂಜ್. ಹಿಂದಿನಿಂದಲೂ ಕಷ್ಟ ಬಂದಾಗಲೆಲ್ಲ ಬಲದಂಡೆಯೇ ಕಡಿತಕ್ಕೆ ಸಿಕ್ಕುತ್ತಿದ್ದದ್ದು. ಈ ಸಲ ಅದಕ್ಕೊಂದು ನ್ಯಾಯ ಇರಲಿ, ನಾಲೆಯ ನೀರಿಗೆ ಸರದಿ ಇರುವಂತೆ ನೆರೆಯ ನೀರಿಗೂ ಸರದಿ ಇರಲಿ ಎಂದು ದಲೆಂದಾ ಪಟ್ಟು ಹಿಡಿದಳು. ಸಿ ಶಾದ್ಲಿ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಅವಳ ಜೊತೆ ಬೀರ್ ಲೂಜಿಗೆ ತಾವೇ ಬಂದರು. ಅವಳ ಸೋದರಮಾವ ಅಮಾರನ ಅಂಗಳದಲ್ಲಿ ಚಾಪೆಯ ಮೇಲೆ ಕೂತರು. ಅಮಾರ ಆ ಊರಿನ ಉಮ್ದ. ಸರ್ಕಾರದ ಮಾತನ್ನು ಊರಿಗೂ ಊರಿನ ಬೈಗುಳವನ್ನು ಸರ್ಕಾರಕ್ಕೂ ಮುಟ್ಟಿಸುವ ಮನುಷ್ಯ. ಅವನ ಹೆಂಡತಿ ಜಾಜಿಯಾ ಅಂಗಳದ ಮಣ್ಣಿನ ಒಲೆಯಿಂದ ಆಗಷ್ಟೇ ಕಿತ್ತ ಬಿಸಿ ರೊಟ್ಟಿ, ಆಲಿವ್ ಎಣ್ಣೆ ತಂದಿಟ್ಟಳು. ಸಿ ಶಾದ್ಲಿ ತಿಂದರು. ಆಮೇಲೆ ರೊಟ್ಟಿಯ ತುಂಡೊಂದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಈ ರೊಟ್ಟಿ ಮೇಲಾಣೆ,” ಎಂದರು, “ಈ ಸಲ ನಿಮ್ಮದು. ಮುಂದಿನ ಸಲ ಎಡದಂಡೆಯೋರದು. ನಾನು ಮಾತು ತಪ್ಪಿದ್ರೆ ಈ ಹುಡುಗಿ ಮುಖ ನೋಡೋ ಯೋಗ್ಯತೆ ನನಗಿಲ್ಲ.”

ಊರು ನಂಬಿದ್ದು ಅವರನ್ನಲ್ಲ, ದಲೆಂದಾಳನ್ನು. ಆದರೂ ನಂಬಿತು. ಡೋಲು ಬಿತ್ತು, ಹಸುಗಳು ಹತ್ತಿದವು, ಜನ ಹತ್ತಿದರು, ಒಡ್ಡು ಕಡಿದರು. ಪಟ್ಟಣ ಉಳಿಯಿತು. ಬೀರ್ ಲೂಜಿನಲ್ಲಿ ಒಂದು ಕರುವೂ ಸಾಯಲಿಲ್ಲ. ಗೋಧಿಯ ಪೈರು ಕೊಳೆಯಿತು, ಗೋಡೆಗಳು ಬಿದ್ದವು, ಜಾಜಿಯಾಳ ಒಲೆ ಕರಗಿ ಕೆಸರಾಯಿತು. ಅವಳು ಮತ್ತೆ ಮಣ್ಣು ಕಲಸಿ ಹೊಸ ಒಲೆ ಕಟ್ಟಿಕೊಂಡಳು. ಸಿ ಶಾದ್ಲಿ ರಾಜಧಾನಿಗೆ ಹೋಗಿ, ದೊಡ್ಡ ಪರದೆಯ ಮೇಲೆ ಗುಡ್ಡ ಹತ್ತುತ್ತಿರುವ ಹಸುಗಳನ್ನು ತೋರಿಸಿ ಭಾಷಣ ಮಾಡಿ ಬಂದರು. ಎಂಥ ಪೆಟ್ಟನ್ನೂ ತಡೆದುಕೊಳ್ಳುವ ಊರು ಎಂದು ಬೀರ್ ಲೂಜಿಗೆ ಹೆಸರು ಬಂತು. ದಲೆಂದಾಳ ಎದೆ ಉಬ್ಬಿತು, ಸುಳ್ಳೇಕೆ.

ಈ ಚಳಿಗಾಲ ಮತ್ತೆ ಮಳೆ ಹಿಡಿದುಕೊಂಡಿತು. ಅಣೆಕಟ್ಟಿನಿಂದ ಸುದ್ದಿ ಬರುವ ಮೊದಲೇ ದಲೆಂದಾ ಓಡಾಡಿದಳು. ಸರದಿ ಎಡದಂಡೆಯದು. ಅಲ್ಲಿ ಹಸು ಕಡಿಮೆ, ತೋಟದ ಕೂಲಿಯವರದು ಹತ್ತಾರು ಇರಬಹುದು. ಆದರೂ ಅವಕ್ಕೂ ಗೋದಲಿ ಬೇಕಲ್ಲ. ಬೀರ್ ಲೂಜಿನ ಗುಡ್ಡದಲ್ಲಿದ್ದ ಜವೆಯನ್ನು ಮೂಟೆ ಕಟ್ಟಿಸಿ ಎಡದಂಡೆಯ ಗುಡ್ಡಕ್ಕೆ ಸಾಗಿಸಿದಳು. ಮೂಟೆ ಹೊರಿಸುತ್ತ ಅಮಾರ, ನಮ್ಮ ಹಸುಗಳ ಬಾಯಿಂದ ಕಿತ್ಕೊಂಡು ಶ್ರೀಮಂತರ ದನಕ್ಕೆ ಹಾಕ್ತಿದ್ದೀಯಲ್ಲೇ ಎಂದು ತಮಾಷೆ ಮಾಡಿದ. ಈ ಸಲ ನಿಮ್ಮ ಹಸು ಮನೇಲೇ ಬೆಚ್ಚಗಿರಲಿ ಮಾವ ಎಂದು ಅವಳು ನಕ್ಕಳು.

ಎಡದಂಡೆ ಖಾಲಿ ಮಾಡಿಸಲು ಅಪ್ಪಣೆ ಕೇಳಲು ಅವಳು ಸಿ ಶಾದ್ಲಿಯವರ ಕೋಣೆಗೆ ಹೋದಾಗ ಅವರು ಕಿಟಕಿಯ ಬಳಿ ನಿಂತು ಮಳೆ ನೋಡುತ್ತಿದ್ದರು. ಕೂರು ಎಂದರು. ಪುದೀನ ಹಾಕಿದ ಚಹಾ ತರಿಸಿದರು. ಅವಳ ತಾಯಿಯ ಮಂಡಿನೋವು ವಿಚಾರಿಸಿದರು. ಅದೆಲ್ಲ ಆದ ಮೇಲೆ, ಮಧ್ಯಾಹ್ನ ಬಲದಂಡೆ ಕಡಿಯುವುದೆಂದು ತೀರ್ಮಾನವಾಗಿದೆ, ಖಮೈಸನಿಗೆ ಹೇಳಿ ಡೋಲು ಹೊಡೆಸು ಎಂದರು.

ಬಾಯಿ ತಪ್ಪಿ ಬಲ ಎಂದಿರಬೇಕು ಎಂದುಕೊಂಡು ಅವಳು ಎಡ ಎಂದು ತಿದ್ದಿದಳು. ಅವರು ಅಲ್ಲ ಎಂದು ತಲೆಯಾಡಿಸಿದರು.

“ಎಡದಂಡೆಯೋರು ಇನ್ನೂ ತಯಾರಾಗಿಲ್ಲ ಮಗಳೇ. ಅಲ್ಲಿ ಕಡಿದ್ರೆ ಗದ್ದಲ ಆಗುತ್ತೆ, ಟ್ಯುನಿಸಿಂದ ಫೋನು ಬರುತ್ತೆ. ನಿನ್ನ ಬೀರ್ ಲೂಜ್ ಹಾಗಲ್ಲ, ಅಲ್ಲಿ ಎಲ್ಲಾ ವ್ಯವಸ್ಥೆ ಇದೆ. ತಡ್ಕೊಳ್ಳೋ ಶಕ್ತಿ ಇರೋರೇ ತಡ್ಕೋಬೇಕು. ಆ ಶಕ್ತಿ ಕೊಟ್ಟೋಳು ನೀನೇ ತಾನೆ?”

“ರೊಟ್ಟಿ ಹಿಡಿದು ಆಣೆ ಇಟ್ಟಿದ್ರಿ, ಸಿ ಶಾದ್ಲಿ.”

“ಇಟ್ಟಿದ್ದೆ,” ಎಂದು ಅವರು ಒಪ್ಪಿಕೊಂಡರು, ಬೇಸರದಿಂದಲೇ. “ಪರಿಸ್ಥಿತಿಗೆ ತಕ್ಕ ಹಾಗೆ ಬದಲಾಗಬೇಕು ಅಂತ ನೀನೇ ಅಲ್ವಾ ನಮಗೆಲ್ಲ ಹೇಳ್ಕೊಟ್ಟಿದ್ದು?”

ಕೂಗಾಡಿದ್ದರೆ ಅವಳೂ ಕೂಗಾಡುತ್ತಿದ್ದಳು. ಹೆದರಿಸಿದ್ದರೆ ಕೆಲಸ ಬಿಸಾಕಿ ಬರುತ್ತಿದ್ದಳು. ಹೀಗೆ ತಲೆ ಸವರುತ್ತ ಕತ್ತು ಕೊಯ್ಯುವವರ ಮುಂದೆ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಉಂಡ ಮನೆಗೆ ಎರಡು ಬಗೆದ ಈ ಮನುಷ್ಯನಿಗೆ ಅವಳ ಮನಸ್ಸಿನಲ್ಲಿ ಇನ್ನು ‘ಸಿ’ಯೂ ಇಲ್ಲ, ಬಹುವಚನವೂ ಇಲ್ಲ. ಅವಳು ಚಹಾ ಮುಟ್ಟದೆ ಎದ್ದಳು, ಡೋಲು ಹೊಡೆಸುವುದಿಲ್ಲ ಎಂದು ಹೇಳಿ ಹೊರಟಳು. ಶಾದ್ಲಿ ತಡೆಯಲಿಲ್ಲ. ಮಳೆ ಜಾಸ್ತಿ ಇದೆ, ನಿಧಾನವಾಗಿ ಕಾರು ಓಡಿಸು ಎಂದ.

ಬೀರ್ ಲೂಜಿನ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಹಸುಗಳು ಮೇಲೆ ಹತ್ತಿದರೆ ಊರು ಖಾಲಿಯಾಯಿತೆಂದು ಲೆಕ್ಕ, ಹತ್ತುವ ತನಕ ಒಡ್ಡಿಗೆ ಕೈ ಹಚ್ಚುವಂತಿಲ್ಲ. ಇದು ಅವಳೇ ಬರೆದ ನಿಯಮ, ಗವರ್ನರೇ ಸಹಿ ಹಾಕಿದ್ದು. ಹಾಗಾದರೆ ಹಸುಗಳು ಕದಲದಿದ್ದರೆ ಸರಿ. ಕದಲದಿದ್ದರೆ ಕಚೇರಿಯವರು ಎಡದಂಡೆಗೆ ಹೋಗಲೇಬೇಕು. ಅವಳ ಕೈಯಲ್ಲಿ ಉಳಿದಿದ್ದ ಆಯುಧ ಅದೊಂದೇ.

ಅಮಾರನ ಅಂಗಳದ ಚಪ್ಪರದ ಕೆಳಗೆ ಊರು ಸೇರಿತು. ಅವಳು ಏನನ್ನೂ ಮುಚ್ಚಿಡಲಿಲ್ಲ. ಸರದಿ ಎಡದಂಡೆಯವರದು, ಆದರೂ ನಮ್ಮ ಒಡ್ಡು ಕಡಿಯುತ್ತಾರಂತೆ ಎಂದು ಹೇಳಿದಳು. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಜಾಜಿಯಾ ಮಾತ್ರ ಒಲೆಯ ಮೇಲೆ ಕೈಯಿಟ್ಟುಕೊಂಡು ಮಾತಾಡಿದಳು.

“ಅವನಿಗೆ ರೊಟ್ಟಿ ತಟ್ಟಿ ಕೊಟ್ಟೋಳು ನಾನು. ಎಣ್ಣೆ ಸಾಲ್ದು ಅಂತ ಇನ್ನೊಂದ್ಸಲ ಹಾಕಿಸ್ಕೊಂಡ. ಅವನ ಮಾತಿಗೆ ಕುಣಿದಿದ್ದಕ್ಕೆ ನಿನ್ನ ಏನನ್ನಲಿ ಹೇಳು.”

“ಬಯ್ಯಿ ಅತ್ತೆ.”

“ಬಯ್ಯೋಕೂ ಒಂದು ಅಭಿಮಾನ ಬೇಕಲ್ಲೇ.”

ಅಮಾರ ಹೆಂಡತಿಯನ್ನು ಸುಮ್ಮನಿರಿಸಿ, ಈಗ ಏನು ಮಾಡಬೇಕು ಹೇಳು ಎಂದ. ಏನೂ ಮಾಡಬಾರದು ಎಂದಳು ದಲೆಂದಾ. ಡೋಲು ಬಾರಿಸಬಾರದು, ಹಸು ಬಿಡಬಾರದು, ಎಲ್ಲರೂ ಇಲ್ಲೇ ಕೂರಬೇಕು. ಹಸು ಇಲ್ಲಿದ್ದರೆ ಊರು ತುಂಬಿದೆ ಎಂದೇ ಅರ್ಥ. ಕೂತಿರುವುದೇ ಕೆಲಸವಾದರೆ ನಮ್ಮಂಥ ಗಟ್ಟಿಗರು ಯಾರಿದ್ದಾರೆ ಎಂದು ಒಬ್ಬ ಮುದುಕ ಅಂದದ್ದಕ್ಕೆ ಒಂದಿಬ್ಬರು ನಕ್ಕರು. ಖಮೈಸ್ ತನ್ನ ಡೋಲನ್ನು ತಂದು ಅವಳ ಪಕ್ಕದಲ್ಲೇ ಕೂತು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ತಬ್ಬಿದ. ಇನ್ನು ಯಾರು ಬಾರಿಸ್ತಾರೋ ನೋಡೇಬಿಡ್ತೀನಿ ಎಂದ. ಕೊಟ್ಟಿಗೆಗಳಲ್ಲಿ ಹಸುಗಳು ಹಗ್ಗವಿಲ್ಲದೆ, ಅವಳ ನಿಯಮದಂತೆ, ಮೆಲುಕು ಹಾಕುತ್ತಿದ್ದವು. ಜಾಜಿಯಾ ಎಲ್ಲರಿಗೂ ಖಾರದ ಹುರುಳಿ ಗಂಜಿ ಬಡಿಸಿದಳು. ಬಹಳ ದಿನದ ಮೇಲೆ ದಲೆಂದಾಳಿಗೆ ತಾನು ಸರ್ಕಾರದ ಕಡೆಯವಳಲ್ಲ, ಈ ಚಪ್ಪರದ ಕಡೆಯವಳು ಎನ್ನಿಸಿತು.

ಆಗ ಡೋಲು ಕೇಳಿಸಿತು.

ಎಲ್ಲರೂ ಖಮೈಸನ ಕಡೆ ತಿರುಗಿದರು. ಅವನ ಕೈಗಳು ಡೋಲಿನ ಮೇಲೆ ಅಲುಗದೆ ಇದ್ದವು. ತನ್ನದೇ ಪೆಟ್ಟು, ತನ್ನದೇ ವರಸೆ, ನಡುನಡುವೆ ತಾನು ಎಳೆಯುವ ಉಸಿರು ಕೂಡ ತನ್ನದೇ, ಎಲ್ಲ ಗುಡ್ಡದ ಮೇಲಿನಿಂದ ಕೇಳಿಬರುತ್ತಿದೆ. ಅವನು ಹೆದರಿ ಡೋಲಿನಿಂದ ಕೈ ತೆಗೆದ, ದೆವ್ವ ಮುಟ್ಟಿದವನಂತೆ. ದಲೆಂದಾಳಿಗೆ ಮಾತ್ರ ಅರ್ಥವಾಯಿತು. ಮೈಕಿನ ವ್ಯಾನು. ಯಾವುದಕ್ಕೂ ಎರಡನೇ ದಾರಿ ಇರಬೇಕು ಎಂದು ಅವಳೇ ಮಾಡಿಸಿಟ್ಟದ್ದು. ಅದರ ನೆನಪೇ ಅವಳಿಗೆ ಆಗಿರಲಿಲ್ಲ, ಶಾದ್ಲಿಗೆ ಆಗಿತ್ತು.

“ಬಾಗಿಲು ಹಾಕಿ, ಹಸು ಕಟ್ಟಿ,” ಎಂದು ಅವಳು ಕೂಗುವಷ್ಟರಲ್ಲಿ ಅಮಾರನ ಕೆಂದ ಹಸು ಕೊಟ್ಟಿಗೆಯ ಅಡ್ಡಪಟ್ಟಿಯನ್ನು ಎದೆಯಿಂದ ತಳ್ಳಿ ಹೊರಗೆ ಬಂದಾಗಿತ್ತು. ಅದರ ಹಿಂದೆ ಪಕ್ಕದ ಮನೆಯವು, ಅವುಗಳ ಹಿಂದೆ ಬೀದಿಯವು. ಜನ ಕೊಂಬು ಹಿಡಿದರು, ಬಾಲ ಹಿಡಿದರು, ಅಡ್ಡ ನಿಂತರು. ಜಾಜಿಯಾ ಎರಡೂ ಕೈ ಚಾಚಿ ಅಂಗಳದ ಬಾಗಿಲಲ್ಲಿ ನಿಂತಳು. ಹಸುಗಳು ಅವಳನ್ನು ಮೃದುವಾಗಿ ಬದಿಗೆ ಒತ್ತಿ ಹೋದವು. ಅವಕ್ಕೆ ಬೆದರಿಕೆಯಿರಲಿಲ್ಲ, ಅವಸರವೂ ಇರಲಿಲ್ಲ. ಡೋಲು ಕರೆಯಿತು, ಮೇಲೆ ಜವೆಯಿದೆ, ಹೋಗಬೇಕು. ಇಡೀ ಜಿಲ್ಲೆಯಲ್ಲಿ ಸರ್ಕಾರದ ಮಾತನ್ನು ಇಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ.

ಅವಳು ಶಾದ್ಲಿಗೆ ಫೋನು ಮಾಡಿದಳು. ಜನ ಎಲ್ಲ ಇನ್ನೂ ಕೆಳಗೇ ಇದ್ದಾರೆ, ಹಸು ಮಾತ್ರ ಮೇಲೆ ಹತ್ತಿವೆ ಎಂದಳು.

“ಹಸು ಹತ್ತಿದ್ರೆ ಊರು ಖಾಲಿ ಅಂತ ಬರೆದಿದ್ದು ಯಾರಮ್ಮ?” ಎಂದ ಅವನು. ವ್ಯಾನಿನ ಜೊತೆ ಗುಡ್ಡಕ್ಕೆ ಬಂದಿದ್ದ ಪೊಲೀಸರಿಂದ ಸುದ್ದಿ ಆಗಲೇ ಮುಟ್ಟಿತ್ತು.

“ನಾನೂ ಇಲ್ಲೇ ಇದ್ದೀನಿ. ಮಾವನ ಅಂಗಳದಲ್ಲಿ. ನೀವು ರೊಟ್ಟಿ ತಿಂದ ಜಾಗದಲ್ಲಿ.”

ಫೋನನ್ನು ಕಿವಿಗೆ ಒತ್ತಿಕೊಂಡು ಅವಳು ನಿಜವಾಗಿಯೂ ಆಸೆಪಟ್ಟಳು. ತಂದೆಯ ಹೆಣಕ್ಕೆ ಹೆಗಲು ಕೊಟ್ಟ ಮನುಷ್ಯ, ಇಷ್ಟು ವರ್ಷ ಮಗಳೇ ಎಂದವನು, ಈಗಲಾದರೂ ನಿಲ್ಲಿಸಿ ಎನ್ನುತ್ತಾನೆ ಎಂದು ಕಾದಳು.

“ಬೇಗ ಮೇಲೆ ಬಾ ಮಗಳೇ,” ಎಂದ ಕೊನೆಗೆ. “ಜೆಸಿಬಿ ಒಡ್ಡು ಒಡೆಯೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ನಿಮ್ಮೂರೋರು ಚುರುಕು. ಅಷ್ಟರಲ್ಲಿ ಹತ್ತಿಬಿಡ್ತೀರಿ.”

ನದಿಯ ಕಡೆಯಿಂದ ಯಂತ್ರದ ಸದ್ದು ಕೇಳತೊಡಗಿತು. ಇನ್ನು ಕೂರುವುದರಲ್ಲಿ ಅರ್ಥವಿರಲಿಲ್ಲ. ಮುದುಕರನ್ನು ಬೆನ್ನಿಗೆ ಹಾಕಿಕೊಂಡರು, ಕೂಸುಗಳನ್ನು ಶಾಲಿನಲ್ಲಿ ಸುತ್ತಿಕೊಂಡರು. ಯಾರು ಮುಂದೆ, ಯಾರು ಹಿಂದೆ, ಯಾವ ತಿರುವಿನಲ್ಲಿ ಜಾರುತ್ತದೆ ಎಲ್ಲ ಅವರಿಗೆ ಬಾಯಿಪಾಠ. ಶಾದ್ಲಿ ಹೇಳಿದ್ದು ನಿಜವಾಯಿತು, ಅಷ್ಟರಲ್ಲಿ ಹತ್ತಿಬಿಟ್ಟರು. ದಲೆಂದಾ ಹತ್ತಿದವರನ್ನು ಎಣಿಸಿದಳು, ಒಬ್ಬರೂ ಕಡಿಮೆಯಿರಲಿಲ್ಲ. ಇವರು ಒಮ್ಮೆಯಾದರೂ ಎಡವಿದ್ದರೆ, ತಡಮಾಡಿದ್ದರೆ, ಕೈಲಾಗದವರಾಗಿದ್ದರೆ ಇವರ ಊರು ಉಳಿದುಕೊಳ್ಳುತ್ತಿತ್ತು. ಚೆನ್ನಾಗಿ ಕಲಿತದ್ದೇ ಮುಳುವಾಯಿತು, ಕಲಿಸಿದವಳು ಅವಳು.

ಗುಡ್ಡದ ಮೇಲಿನಿಂದ ಎಲ್ಲ ಕಾಣುತ್ತಿತ್ತು. ಒಡ್ಡು ಬಾಯಿಬಿಟ್ಟು ಕೆಂಪು ನೀರು ಮೊದಲು ಹೊಲಕ್ಕೆ, ಆಮೇಲೆ ಬೀದಿಗೆ ನುಗ್ಗಿತು. ಆಚೆ ದಂಡೆಯ ಕಿತ್ತಳೆ ಗಿಡಗಳು ಮಳೆಯಲ್ಲಿ ತೊಯ್ದು ಹೊಳೆಯುತ್ತಿದ್ದವು, ಒಂದರ ಬುಡವೂ ಮುಳುಗಿರಲಿಲ್ಲ. ಜಾಜಿಯಾ ನೀರಿನ ಕಡೆ ನೋಡಲೇ ಇಲ್ಲ. ಒಲೆಯ ಮಣ್ಣಿನ ಮುಚ್ಚಳವೊಂದನ್ನು ತಂದಿದ್ದಳು, ಅದನ್ನು ಮಡಿಲಲ್ಲಿಟ್ಟುಕೊಂಡು ಶಾಲೆಯ ಗೋಡೆಗೆ ಮುಖ ಮಾಡಿ ಕೂತಳು. ಯಾರೋ ವ್ಯಾನಿನ ಒಳಗೆ ಕೈ ಹಾಕಿ ಇನ್ನೂ ಬಾರಿಸುತ್ತಲೇ ಇದ್ದ ಡೋಲನ್ನು ನಿಲ್ಲಿಸಿದರು. ಖಮೈಸ್ ತನ್ನ ಡೋಲನ್ನು ಕೆಳಗೇ ಬಿಟ್ಟು ಬಂದಿದ್ದ.

ಸದ್ದು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಒರಟು ನಾಲಗೆ ಸಿಮೆಂಟನ್ನು ನೆಕ್ಕುವ ಸದ್ದು. ಉದ್ದನೆಯ ಗೋದಲಿಯ ಎರಡೂ ಕಡೆ ಊರಿನ ಹಸುಗಳೆಲ್ಲ ಸಾಲಾಗಿ, ತಳ್ಳಾಡದೆ, ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ಗೋದಲಿ ಖಾಲಿ. ಜವೆಯೆಲ್ಲ ಎಡದಂಡೆಯ ಗುಡ್ಡದ ಮೇಲೆ ಮೂಟೆಯಲ್ಲಿತ್ತು. ಹಸುಗಳು ತಳವನ್ನು ನೆಕ್ಕುತ್ತಿದ್ದವು, ತಲೆಯೆತ್ತಿ ಅವಳನ್ನು ನೋಡುತ್ತಿದ್ದವು, ಮತ್ತೆ ನೆಕ್ಕುತ್ತಿದ್ದವು.

ದಲೆಂದಾ ಕೋಣೆಯಿಂದ ಕೋಣೆಗೆ ಓಡಿದಳು. ಯಾವುದೋ ಮೂಲೆಯಲ್ಲಿ ಹರಿದ ಚೀಲದಿಂದ ಉದುರಿದ ಒಂದು ಬೊಗಸೆ ಜವೆ ಸಿಕ್ಕಿತು. ಗುಡಿಸಿ ಸೆರಗಿನಷ್ಟಗಲದ ತನ್ನ ತಲೆವಸ್ತ್ರದಲ್ಲಿ ತುಂಬಿಕೊಂಡು ಬಂದು ಕೆಂದ ಹಸುವಿನ ಮುಂದೆ ಸುರಿಯಹೋದಳು. ಅಮಾರ ಅವಳ ಕೈ ಹಿಡಿದುಕೊಂಡ. ಅವನ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮಳೆಯದೋ ಇನ್ನೇನೋ.

“ಬೇಡ ಬಿಡಮ್ಮ,” ಎಂದ. “ಮೇಲೆ ಬಂದ್ರೆ ಜವೆ ಸಿಗುತ್ತೆ ಅಂತ ನಂಬ್ಕೊಂಡಿದ್ದು ಇವು ಮಾತ್ರ. ಈಗ ಇವಕ್ಕೂ ಗೊತ್ತಾಯ್ತು. ಮುಂದಿನ ಸಲ ಡೋಲು ಯಾರೇ ಬಾರಿಸಿದ್ರೂ ಇವು ಬರಲ್ಲ.”

ಅವಳು ಮಾವನ ಮುಖ ನೋಡಿದಳು. ಅವನು ಹಸುವಿನ ಬೆನ್ನು ಸವರುತ್ತ, ಅವಳ ಕಡೆ ತಿರುಗದೆ ಹೇಳಿದ.

“ಇವುಗಳ ಹಿಂದೆ ತಾನೆ ನಾವು ಬರ್ತಿದ್ದಿದ್ದು.”